‘ಹೌ ಡು ಯು ಡು?’ — ಇದು ಪ್ರಶ್ನೆಯೇ ಅಲ್ಲ!

ಪ್ರಯೋಗಶಾಲೆಯಲ್ಲಿ ಲೋಲಕದ ಆಂದೋಲನ ಕಾಲವನ್ನು ತಪ್ಪಿಲ್ಲದೆ ಅಳೆಯಬಲ್ಲ, ನ್ಯೂಟನ್ನನ ಮೂರು ನಿಯಮಗಳನ್ನೂ ಇಂಗ್ಲಿಷಿನಲ್ಲಿ ಅಕ್ಷರ ಬಿಡದೆ ಬರೆಯಬಲ್ಲ ವಿದ್ಯಾರ್ಥಿಯು, ಪಾಠದ ನಡುವೆ ಒಂದು ಹೆಜ್ಜೆ ಅರ್ಥವಾಗದೆ ಹೋದಾಗ ಬಾಯಿ ತೆರೆಯುವುದಿಲ್ಲ. ಸಂದೇಹವಿಲ್ಲವೆಂದಲ್ಲ, ಸಂದೇಹವನ್ನು ಕೇಳುವ ಮಾತು ಎಲ್ಲಿಂದ ಮೊದಲಾಗಬೇಕೆಂಬುದು ಅವನಿಗೆ ತಿಳಿಯದು. ‘ಎಕ್ಸ್‌ಕ್ಯೂಸ್ ಮಿ’ ಎನ್ನಬೇಕೆ, ‘ಸಾರಿ’ ಎನ್ನಬೇಕೆ, ‘ರಿಪೀಟ್’ ಎಂದರೆ ಗುರುಗಳಿಗೆ ಅಪ್ಪಣೆ ಮಾಡಿದಂತಾದೀತೆ, ಪಕ್ಕದವರು ನಕ್ಕಾರೆ—ಇಷ್ಟನ್ನು ತೂಗಿ ನೋಡುವಷ್ಟರಲ್ಲಿ ಪಾಠವು ಮುಂದೆ ಸಾಗಿರುತ್ತದೆ. ಕೊಡಗಿನ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಕಲಿಸುವ ನಮಗೆ ಇದು ವರ್ಷವರ್ಷವೂ ಕಾಣುವ ನೋಟ. ಅರ್ಥವಾಗದ ಆ ಒಂದು ಹೆಜ್ಜೆಯ ಮೇಲೆ ಮುಂದಿನ ಹತ್ತು ಹೆಜ್ಜೆಗಳು ನಿಂತಿರುವುದರಿಂದ, ನಾಲ್ಕು ಸಾಲು ಇಂಗ್ಲಿಷಿನ ಕೊರತೆಯಿಂದ ಒಂದು ವರ್ಷದ ವಿಜ್ಞಾನವೇ ಕೈಬಿಟ್ಟುಹೋಗುವುದುಂಟು. ಮುಂದೆ ಉದ್ಯೋಗದ ಸಂದರ್ಶನದಲ್ಲಿ ಇದೇ ಮೌನವು ದಡ್ಡತನವೆಂದು ಎಣಿಸಲ್ಪಡುತ್ತದೆ.

ಇದಕ್ಕೆ ವ್ಯಾಕರಣದ ಅಜ್ಞಾನ ಕಾರಣವಲ್ಲ. ಕರ್ಮಣಿ ಪ್ರಯೋಗವನ್ನು ಕರ್ತರಿಗೆ ತಿರುಗಿಸಲು ಈ ಮಕ್ಕಳಿಗೆ ಬರುತ್ತದೆ. ಬಾರದಿರುವುದು ದಿನಬಳಕೆಯ ಮಾತಿನ ಕೆಲವು ಸಿದ್ಧ ತುಣುಕುಗಳು. ಅವುಗಳನ್ನು ಯಾವಾಗ, ಯಾವ ದನಿಯಲ್ಲಿ, ಯಾರೊಡನೆ ಬಳಸಬೇಕೆಂಬ ವಿವೇಕ. ಇಂತಹ ತುಣುಕುಗಳಿಗೂ ಪ್ರಕೃತಿಯ ಇತರ ವಿದ್ಯಮಾನಗಳಂತೆ ಕಾರ್ಯಕಾರಣ ಸಂಬಂಧವುಂಟು, ಅಳತೆಯುಂಟು, ಪ್ರಯೋಗವುಂಟು. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಇಲ್ಲಿ ಪರಿಶೀಲಿಸೋಣ.

ನುಡಿ ಬಂದ ದಾರಿ

1834ರಲ್ಲಿ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ, ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಆಳಿಕೆಗೆ ಸೇರಿತು. ಅನಂತರ ಇಲ್ಲಿ ಇಂಗ್ಲಿಷರೂ ಕೊಡಗಿನವರೂ ಪರಸ್ಪರ ಮಾತು ಕಲಿಯಬೇಕಾಯಿತು. ಕ್ಯಾಪ್ಟನ್ ಕೋಲ್ ಎಂಬ ಅಧಿಕಾರಿಯು 1867ರಲ್ಲಿ ಕೊಡವ ತಕ್ಕಿನ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದನು. ಮಡಿಕೇರಿಯ ಸರಕಾರಿ ಸೆಂಟ್ರಲ್ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ ಜರ್ಮನ್ ಪಾದ್ರಿ ರಿಕ್ಟರ್ ಅವರು 1870ರಲ್ಲಿ ಕೊಡಗಿನ ಗೆಜೆಟಿಯರನ್ನು ಸಿದ್ಧಪಡಿಸಿದರು. ಕಾಫಿ ತೋಟಗಳು ಹಬ್ಬಿದಂತೆ ‘ಎಸ್ಟೇಟು’, ‘ರೈಟರು’, ‘ಲೈನುಮನೆ’ ಮೊದಲಾದ ಮಾತುಗಳು ಇಂಗ್ಲಿಷ್ ಓದದವರ ಬಾಯಲ್ಲಿಯೂ ನೆಲೆಯೂರಿದವು.

ಆದರೆ ಗಮನಿಸಬೇಕಾದುದೊಂದುಂಟು. ಹೀಗೆ ಬಂದುವು ಬಹುಮಟ್ಟಿಗೆ ವಸ್ತುಗಳ ಹೆಸರುಗಳು. ಶಾಲೆ ಕಚೇರಿಗಳ ಮೂಲಕ ಬಂದ ಇಂಗ್ಲಿಷಾದರೋ ಅರ್ಜಿಯ ಇಂಗ್ಲಿಷು: ‘ಐ ಬೆಗ್ ಟು ಸ್ಟೇಟ್’, ‘ಕೈಂಡ್ಲಿ ಡು ದ ನೀಡ್‌ಫುಲ್’. ಇವು ಕಾಗದದ ಮೇಲೆ ಒಪ್ಪುವ ಮಾತುಗಳು. ಎದುರಿಗೆ ನಿಂತವನೊಡನೆ ಹೀಗೆ ಮಾತನಾಡಿದರೆ, ನೆರೆಮನೆಗೆ ಮಜ್ಜಿಗೆ ಕೇಳಲು ಹೋಗಿ ‘ತಮ್ಮ ಸನ್ನಿಧಾನದಲ್ಲಿ ಬಿನ್ನವಿಸಿಕೊಳ್ಳುವುದೇನೆಂದರೆ’ ಎಂದಂತಾಗುತ್ತದೆ. ವಸ್ತುವಿನ ಹೆಸರೂ ಅರ್ಜಿಯ ವಾಕ್ಯವೂ ನಮಗೆ ದೊರೆತವು. ನಡುವೆ ಇರಬೇಕಾದ ಮಾತುಕತೆಯ ಇಂಗ್ಲಿಷು ದೊರೆಯಲಿಲ್ಲ.

ಪ್ರಶ್ನೆಯಲ್ಲದ ಪ್ರಶ್ನೆ

ಮೊದಲ ಪರಿಚಯದಲ್ಲಿ ಇಂಗ್ಲಿಷರು ಆಡುವ ‘ಹೌ ಡು ಯು ಡು?’ ಎಂಬುದಕ್ಕೆ ಶಾಸ್ತ್ರೋಕ್ತವಾದ ಉತ್ತರವೆಂದರೆ ಮತ್ತೆ ‘ಹೌ ಡು ಯು ಡು?’ ಎಂಬುದೇ. ಕೇಳಿದವನಿಗೆ ನಮ್ಮ ಆರೋಗ್ಯದ ವರದಿ ಬೇಕಾಗಿಲ್ಲ. ಇಂದು ಈ ಮಾತು ಬಹಳ ಹಳೆಯದೆನಿಸಿ, ‘ನೈಸ್ ಟು ಮೀಟ್ ಯು’ ಎಂಬುದು ಅದರ ಸ್ಥಾನದಲ್ಲಿ ಹೆಚ್ಚಾಗಿ ಕೇಳಿಬರುತ್ತದೆ. ‘ಹೌ ಆರ್ ಯು?’ ಎಂದರೆ ‘ಫೈನ್, ಥ್ಯಾಂಕ್ ಯು. ಅಂಡ್ ಯು?’ ಎಂದಷ್ಟೇ ಸಾಕು. ಮೊಣಕಾಲು ನೋವಿನ ವೃತ್ತಾಂತವನ್ನು ವೈದ್ಯರಿಗಾಗಿ ಉಳಿಸಿಕೊಳ್ಳಬಹುದು.

ಇದು ಇಂಗ್ಲಿಷರ ಕಪಟವೆಂದು ನಮ್ಮಲ್ಲಿ ಕೆಲವರು ಹೇಳುವುದುಂಟು. ಆದರೆ ನಮ್ಮ ‘ಊಟ ಆಯಿತೇ?’ ಎಂಬುದನ್ನು ನೋಡಿರಿ. ಸಂಜೆ ನಾಲ್ಕು ಗಂಟೆಗೆ ಬಸ್ಸು ನಿಲ್ದಾಣದಲ್ಲಿ ಸಿಕ್ಕವರನ್ನು ‘ಕಾಫಿ ಆಯಿತೇ?’ ಎಂದು ಕೇಳುವಾಗ, ಆಗಿಲ್ಲವೆಂದರೆ ಕೊಡಿಸಲೇಬೇಕೆಂಬ ಸಂಕಲ್ಪವೇನೂ ಎಲ್ಲರಿಗೂ ಇರುವುದಿಲ್ಲ. ‘ಆಯಿತು, ನಿಮ್ಮದು?’ ಎಂದು ಅವರು ಮುಂದೆ ಸಾಗುತ್ತಾರೆ. ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿಯು 1923ರಲ್ಲಿ ಇಂತಹ ಮಾತುಗಳಿಗೆ ಪ್ರತ್ಯೇಕವಾದೊಂದು ವರ್ಗವನ್ನೇ ಕಲ್ಪಿಸಿದನು. ಸುದ್ದಿಯನ್ನು ಮುಟ್ಟಿಸುವುದು ಇವುಗಳ ಕೆಲಸವಲ್ಲ. ಇಬ್ಬರ ನಡುವೆ ಬಾಂಧವ್ಯದ ಎಳೆಯೊಂದನ್ನು ಕಟ್ಟುವುದೇ ಕೆಲಸ. ಆದುದರಿಂದ ಶಬ್ದಾರ್ಥವನ್ನು ಹಿಡಿದು ಇವುಗಳಿಗೆ ಉತ್ತರ ಕೊಡಬಾರದು.

ಹವೆಯ ಮಾತೂ ಹಾಗೆಯೇ. ‘ನೈಸ್ ಡೇ, ಇಸಿಂಟ್ ಇಟ್?’ ಎಂದು ಇಂಗ್ಲಿಷಿನವನು ಹೇಳಿದಾಗ ‘ಯೆಸ್, ಇಟ್ ಈಸ್’ ಎಂದು ಒಪ್ಪುವುದೇ ವಾಡಿಕೆ. ಕೊಡಗಿನವರು ಇಲ್ಲಿ ಎಚ್ಚರವಾಗಿರಬೇಕು! ನಮ್ಮಲ್ಲಿ ಮಳೆಯ ಮಾತು ಬರಿಯ ಉಪಚಾರವಲ್ಲ. ಮಾರ್ಚಿ ಏಪ್ರಿಲಿನಲ್ಲಿ ತೋಟದವರು ಎದುರಾದರೆ ‘ಎಷ್ಟು ಸೆಂಟು ಬಂತು?’ ಎಂಬುದೇ ಮೊದಲ ಮಾತು. ಒಂದು ಇಂಚಿನ ನೂರನೆಯ ಒಂದು ಪಾಲೇ ಸೆಂಟು. ನೂರು ಸೆಂಟು ಸೇರಿದರೆ 25.4 ಮಿಲಿಮೀಟರು. ಹೂಮಳೆ ಒಂದು ಇಂಚಿನಷ್ಟು ಬಿದ್ದಿತೋ ಇಪ್ಪತ್ತು ಸೆಂಟಿಗೇ ನಿಂತಿತೋ ಎಂಬುದರ ಮೇಲೆ ರೋಬಸ್ಟಾ ಕಾಫಿಯ ಫಸಲೇ ನಿಂತಿರುವಾಗ, ಇದಕ್ಕೆ ಕೊಡುವ ಉತ್ತರವು ಮಳೆಮಾಪಕದಿಂದ ಓದಿದ ಸಂಖ್ಯೆಯಾಗಿರಬೇಕು. ಅಲ್ಲಿ ಒಪ್ಪಿಗೆ ಸಾಕು; ಇಲ್ಲಿ ಅಂಕಿ ಬೇಕು. ವಿಷಯವೊಂದೇ ಆದರೂ ಎರಡು ಸಮಾಜಗಳಲ್ಲಿ ಅದರ ಕೆಲಸ ಬೇರೆ.

ಹೊತ್ತಿನ ಹಾರೈಕೆಗಳಲ್ಲಿ ಒಂದು ಮಾತ್ರ ನಮ್ಮವರನ್ನು ಎಡವಿಸುತ್ತದೆ. ‘ಗುಡ್ ಮಾರ್ನಿಂಗ್’, ‘ಗುಡ್ ಈವನಿಂಗ್’ ಎಂಬುವು ಕಂಡಾಗಿನ ಮಾತುಗಳು. ‘ಗುಡ್ ನೈಟ್’ ಎಂಬುದು ಬೀಳ್ಕೊಡುವಾಗಿನ ಮಾತು. ರಾತ್ರಿ ಒಂಬತ್ತಕ್ಕೆ ಅತಿಥಿಗಳು ಬಾಗಿಲಿಗೆ ಬಂದಾಗ ‘ಗುಡ್ ನೈಟ್’ ಎಂದರೆ, ಬಂದ ದಾರಿಯಲ್ಲಿಯೇ ಹಿಂದಿರುಗಿರಿ ಎಂದಂತೆ! ಎಷ್ಟೇ ಕತ್ತಲಾಗಿದ್ದರೂ ಸ್ವಾಗತಕ್ಕೆ ‘ಗುಡ್ ಈವನಿಂಗ್’ ಎಂಬುದೇ ಸರಿ.

ಕ್ರಿಯಾಪದದಲ್ಲಿ ಅಡಗಿದ ವಿನಯ

ಕನ್ನಡಿಗರ ಇಂಗ್ಲಿಷು ಒರಟೆಂದು ಕೆಲವೊಮ್ಮೆ ದೂರು ಕೇಳಿಬರುತ್ತದೆ. ‘ಗಿವ್ ಮಿ ದ ಪೆನ್’, ‘ಓಪನ್ ದ ಡೋರ್’ ಎಂದು ನೇರವಾಗಿ ಹೇಳಿಬಿಡುತ್ತಾರೆ ಎಂಬುದು ದೂರಿನ ಸಾರ. ಕಾರಣವನ್ನು ಹುಡುಕಿದರೆ ಒರಟುತನವಲ್ಲ, ವ್ಯಾಕರಣ ಸಿಕ್ಕುತ್ತದೆ.

ಕನ್ನಡದಲ್ಲಿ ‘ಕೊಡು’ ಎಂಬುದು ಬೇರೆ, ‘ಕೊಡಿ’ ಎಂಬುದು ಬೇರೆ. ಕೊನೆಯ ಒಂದು ಸ್ವರವನ್ನು ಬದಲಿಸಿದ ಮಾತ್ರಕ್ಕೆ ಗೌರವವು ಕ್ರಿಯಾಪದದೊಳಗೆ ಸೇರಿಕೊಂಡಿತು. ಇನ್ನಷ್ಟು ಮೃದುಗೊಳಿಸಬೇಕಾದರೆ ‘ಸ್ವಲ್ಪ ಬಾಗಿಲು ತೆಗೆಯುತ್ತೀರಾ?’ ಎನ್ನುತ್ತೇವೆ. ಬಾಗಿಲನ್ನು ಸ್ವಲ್ಪವೇ ತೆಗೆದರೆ ಸಾಕೆಂದು ಇದರ ಅರ್ಥವಲ್ಲ. ಕೊಡುವ ತೊಂದರೆ ಸ್ವಲ್ಪವೆಂದು ಹೇಳುವ ಸೌಜನ್ಯವಿದು. ಇಂಗ್ಲಿಷಿನ ‘ಗಿವ್’ ಎಂಬ ಕ್ರಿಯಾಪದಕ್ಕೆ ಇಂತಹ ಗೌರವದ ಪ್ರತ್ಯಯವಿಲ್ಲ. ಅರಸನಿಗೂ ಆಳಿಗೂ ಒಂದೇ ‘ಗಿವ್’. ಆ ಭಾಷೆಯು ವಿನಯವನ್ನು ಕ್ರಿಯಾಪದದ ಹೊರಗೆ, ಬೇರೆ ಮಾತುಗಳಲ್ಲಿ ಹೊರಬೇಕಾಗುತ್ತದೆ. ಅದಕ್ಕಾಗಿಯೇ ‘ಪ್ಲೀಸ್’, ‘ಕುಡ್ ಯು’, ‘ವುಡ್ ಯು ಮೈಂಡ್’ ಮೊದಲಾದುವು. ಕನ್ನಡದ ‘ಕೊಡಿ’ಯನ್ನು ಮನಸ್ಸಿನಲ್ಲಿಟ್ಟು ಬರಿಯ ‘ಗಿವ್’ ಎಂದವನು ಗೌರವವನ್ನು ಕೊಟ್ಟೇ ಇರುತ್ತಾನೆ. ಭಾಷಾಂತರದ ದಾರಿಯಲ್ಲಿ ಅದು ಉದುರಿಹೋಗಿರುತ್ತದೆ, ಅಷ್ಟೆ.

ಆದುದರಿಂದ ನಿಯಮವಿಷ್ಟು: ಕನ್ನಡದಲ್ಲಿ ‘ಇರಿ’, ‘ಕೊಡಿ’, ‘ಹೇಳಿ’ ಎನ್ನುವ ಕಡೆಯಲ್ಲೆಲ್ಲ ಇಂಗ್ಲಿಷಿನಲ್ಲಿ ‘ಕುಡ್ ಯು... ಪ್ಲೀಸ್?’ ಎಂಬ ಚೌಕಟ್ಟನ್ನು ಬಳಸಬೇಕು. ‘ಕುಡ್ ಯು ಪಾಸ್ ದ ಸಾಲ್ಟ್, ಪ್ಲೀಸ್?’ ಎಂಬುದು ರೂಪದಲ್ಲಿ ಸಾಮರ್ಥ್ಯದ ಪ್ರಶ್ನೆ, ಅರ್ಥದಲ್ಲಿ ಬೇಡಿಕೆ. ‘ಯೆಸ್, ಐ ಕ್ಯಾನ್’ ಎಂದು ಉಪ್ಪನ್ನು ಮುಟ್ಟದೆ ಕುಳಿತರೆ ನಗೆಪಾಟಲಾಗುತ್ತದೆ. ತತ್ತ್ವಜ್ಞಾನಿ ಸರ್ಲ್ 1975ರಲ್ಲಿ ಇಂತಹ ಪರೋಕ್ಷ ಮಾತುಗಳನ್ನು ವಿವೇಚಿಸುವಾಗ ಈ ಉಪ್ಪಿನ ಉದಾಹರಣೆಯನ್ನೇ ಎತ್ತಿಕೊಂಡನು. ‘ವುಡ್ ಯು ಮೈಂಡ್...’ ಎಂಬುದರಲ್ಲಿ ಇನ್ನೊಂದು ತಿರುವುಂಟು. ‘ನಿಮಗೆ ಬೇಸರವೇ?’ ಎಂದು ಕೇಳುವ ಮಾತಾದುದರಿಂದ, ಒಪ್ಪಿಗೆಯಿದ್ದರೆ ಉತ್ತರ ‘ನೋ, ನಾಟ್ ಅಟ್ ಆಲ್’ ಎಂದಿರಬೇಕು.

ಕೃತಜ್ಞತೆಯ ಲೆಕ್ಕ

ಮನೆಯಲ್ಲಿ ಅಕ್ಕನು ನೀರು ತಂದುಕೊಟ್ಟರೆ ‘ಧನ್ಯವಾದ’ ಎನ್ನುವ ತಮ್ಮನನ್ನು ಅವಳು ಜ್ವರ ಬಂದಿದೆಯೇ ಎಂದು ಮುಟ್ಟಿ ನೋಡಿಯಾಳು. ‘ಧನ್ಯವಾದ’, ‘ವಂದನೆ’ ಎಂಬುವು ಸಭೆಯ ಮಾತುಗಳು. ನಿಜವಾಗಿ ದೊಡ್ಡ ಸಹಾಯವಾದಾಗ ‘ಬಹಳ ಉಪಕಾರವಾಯಿತು’ ಎನ್ನುತ್ತೇವೆ. ಚಿಕ್ಕ ಸಹಾಯಕ್ಕೆ ಮುಖದ ಮಾತೇ ಸಾಕು. ಹಾಗಾದರೆ ನಮಗೆ ಕೃತಜ್ಞತೆಯಿಲ್ಲವೆ?

ಈ ವಿಷಯದಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ವಾರಸ್ಯವಾಗಿದೆ. ಭಾಷಾವಿಜ್ಞಾನಿಗಳ ತಂಡವೊಂದು ಐದು ಖಂಡಗಳ ಎಂಟು ಭಾಷೆಗಳಲ್ಲಿ, ಮನೆ ಹಳ್ಳಿಗಳ ಸಹಜವಾದ ಮಾತುಕತೆಗಳನ್ನು ಮುದ್ರಿಸಿಕೊಂಡು, ಒಬ್ಬರು ಕೇಳಿದ ಸಹಾಯವನ್ನು ಇನ್ನೊಬ್ಬರು ಮಾಡಿದ ಸಾವಿರಕ್ಕೂ ಮೀರಿದ ಸಂದರ್ಭಗಳನ್ನು ಪರೀಕ್ಷಿಸಿತು. ಒಟ್ಟಿನಲ್ಲಿ ನೂರಕ್ಕೆ ಸುಮಾರು ಆರು ಸಲ ಮಾತ್ರ ಬಾಯಿಬಿಟ್ಟು ಕೃತಜ್ಞತೆಯನ್ನು ಹೇಳಿದ್ದರು! ಇಂಗ್ಲಿಷರು ಎಲ್ಲರಿಗಿಂತ ಮುಂದಿದ್ದರೂ ಆಪ್ತರ ನಡುವೆ ಅವರೂ ಏಳಕ್ಕೆ ಒಂದು ಸಲವಷ್ಟೇ ಹೇಳಿದ್ದರು. ಇಕ್ವೆಡಾರ್ ದೇಶದ ಚಾಪಲಾ ಎಂಬ ಭಾಷೆಯಲ್ಲಿ ಇದಕ್ಕೆ ರೂಢಿಯ ಮಾತೇ ಇಲ್ಲ. ಸಹಾಯಕ್ಕೆ ಸಹಾಯವೇ ಎಲ್ಲೆಲ್ಲಿಯೂ ನಿಜವಾದ ಮರುಪಾವತಿ. ಮಾತು ಅದರ ಮೇಲಿನ ಅಲಂಕಾರ. ಆದುದರಿಂದ ನಮ್ಮ ಮೌನಕ್ಕೆ ನಾಚಬೇಕಾಗಿಲ್ಲ. ಆದರೆ ಅಂಗಡಿ, ಕಚೇರಿ, ಸಂದರ್ಶನಗಳಲ್ಲಿ, ಅಪರಿಚಿತರ ನಡುವೆ, ಇಂಗ್ಲಿಷಿನ ರೂಢಿಯು ‘ಥ್ಯಾಂಕ್ ಯು’ ಎಂಬುದನ್ನು ನಿರೀಕ್ಷಿಸುತ್ತದೆ. ಅವರು ನಮಗೆ ಹೇಳಿದರೆ ‘ಯು ಆರ್ ವೆಲ್‌ಕಮ್’ ಅಥವಾ ‘ನಾಟ್ ಅಟ್ ಆಲ್’ ಎನ್ನಬೇಕು. ಬರಿಯ ‘ವೆಲ್‌ಕಮ್’ ಎಂದರೆ ಬಾಗಿಲಲ್ಲಿ ನಿಂತು ಸ್ವಾಗತಿಸಿದಂತಾಗುತ್ತದೆ.

ಒಂದೇ ‘ಸಾರಿ’, ಎರಡು ಅರ್ಥ

ಈಗ ನಮ್ಮ ಕ್ಷೇತ್ರವಾದ ಧ್ವನಿವಿಜ್ಞಾನಕ್ಕೆ ಬರೋಣ. ಮಾತನಾಡುವಾಗ ಗಂಟಲಿನ ಧ್ವನಿತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಈ ಕಂಪನಸಂಖ್ಯೆಯು ಸ್ಥಿರವಾಗಿರದೆ ವಾಕ್ಯದುದ್ದಕ್ಕೂ ಏರುತ್ತ ಇಳಿಯುತ್ತ ಇರುತ್ತದೆ. ದನಿಯ ಈ ಏರಿಳಿತವೇ ಇಂಗ್ಲಿಷಿನಲ್ಲಿ ಬಹಳಷ್ಟು ಅರ್ಥವನ್ನು ಹೊರುತ್ತದೆ.

‘ಸಾರಿ’ ಎಂಬ ಮಾತನ್ನು ದನಿಯಿಳಿಸಿ ಹೇಳಿದರೆ ‘ತಪ್ಪಾಯಿತು, ಕ್ಷಮಿಸಿ’ ಎಂದರ್ಥ. ಅದನ್ನೇ ದನಿಯೇರಿಸಿ ‘ಸಾರಿ?’ ಎಂದರೆ ‘ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ’ ಎಂದರ್ಥ. ಅಕ್ಷರಗಳು ಅವೇ, ಕಂಪನಸಂಖ್ಯೆಯ ದಿಕ್ಕು ಮಾತ್ರ ಬೇರೆ. ‘ಪಾರ್ಡನ್?’ ಎಂಬುದಕ್ಕೂ ಈ ಏರುದನಿಯೇ ಬೇಕು. ‘ಎಕ್ಸ್‌ಕ್ಯೂಸ್ ಮಿ’ ಎಂಬುದಾದರೋ ಸಾಮಾನ್ಯವಾಗಿ ಮುಂಚಿತವಾಗಿ ಹೇಳುವ ಮಾತು: ದಾರಿ ಬಿಡಿಸಿಕೊಳ್ಳುವಾಗ, ಅಪರಿಚಿತರನ್ನು ಮಾತನಾಡಿಸುವಾಗ, ನಡುವೆ ಬಾಯಿ ಹಾಕುವಾಗ. ಕಾಲು ತುಳಿಯುವ ಮೊದಲು ‘ಎಕ್ಸ್‌ಕ್ಯೂಸ್ ಮಿ’, ತುಳಿದ ಮೇಲೆ ‘ಸಾರಿ’ ಎಂದು ನೆನಪಿಟ್ಟರೆ ಸಾಕು.

ದನಿಯ ಏರಿಳಿತವು ಎಂತಹ ಅನರ್ಥವನ್ನು ತರಬಲ್ಲುದೆಂಬುದಕ್ಕೆ ಭಾಷಾವಿಜ್ಞಾನಿ ಜಾನ್ ಗಂಪರ್ಜ್ ತನ್ನ 1982ರ ಗ್ರಂಥದಲ್ಲಿ ಒಂದು ಪ್ರಸಂಗವನ್ನು ವರ್ಣಿಸಿದ್ದಾನೆ. ಬ್ರಿಟನ್ನಿನ ದೊಡ್ಡ ವಿಮಾನ ನಿಲ್ದಾಣವೊಂದರ ನೌಕರರ ಊಟದ ಮನೆಯಲ್ಲಿ ಭಾರತ ಪಾಕಿಸ್ತಾನಗಳ ಕೆಲವು ಹೆಂಗಸರು ಬಡಿಸುವ ಕೆಲಸಕ್ಕೆ ಸೇರಿದ್ದರು. ಅವರು ಒರಟರು, ಸಹಕರಿಸದವರು ಎಂಬ ದೂರು ಬಂದಿತು. ಪರೀಕ್ಷಿಸಿದಾಗ ತಿಳಿದುದಿಷ್ಟು: ಮಾಂಸದ ಜೊತೆಗೆ ಗ್ರೇವಿ ಬೇಕೇ ಎಂದು ಕೇಳುವಾಗ ಇಂಗ್ಲಿಷ್ ಹೆಂಗಸರು ದನಿಯೇರಿಸಿ ‘ಗ್ರೇವಿ?’ ಎನ್ನುತ್ತಿದ್ದರು, ನಮ್ಮವರು ದನಿಯಿಳಿಸಿ ‘ಗ್ರೇವಿ’ ಎನ್ನುತ್ತಿದ್ದರು. ಕೇಳಿದವರ ಕಿವಿಗೆ ಮೊದಲನೆಯದು ‘ಬಡಿಸಲೇ?’ ಎಂದೂ ಎರಡನೆಯದು ‘ಇದು ಗ್ರೇವಿ, ಬೇಕಾದರೆ ತಿನ್ನಿ’ ಎಂದೂ ಕೇಳಿಸಿತು. ಆ ಹೆಂಗಸರ ಭಾಷೆಗಳಲ್ಲಿ ಇಳಿದನಿಯಿಂದಲೇ ಕೇಳುವುದು ವಾಡಿಕೆ. ಧ್ವನಿಮುದ್ರಿಕೆಗಳನ್ನು ಕೇಳಿಸಿ ವಿಷಯವನ್ನು ತಿಳಿಯಪಡಿಸಿದ ಮೇಲೆ ಎರಡು ಕಡೆಯವರಿಗೂ ಸಂಗತಿ ಅರ್ಥವಾಯಿತು. ತಪ್ಪು ಯಾರ ಮನಸ್ಸಿನಲ್ಲಿಯೂ ಇರಲಿಲ್ಲ. ಸೆಕೆಂಡಿಗೆ ಕೆಲವು ಹತ್ತು ಕಂಪನಗಳ ವ್ಯತ್ಯಾಸವು ಒಬ್ಬರ ಜೀವನೋಪಾಯಕ್ಕೇ ಸಂಚಕಾರವನ್ನು ತರುವುದರಲ್ಲಿತ್ತು.

ಒಂದು ಚಿಕ್ಕ ಪ್ರಯೋಗ

ವಾಚಕರು ಒಂದು ತೆಳುವಾದ ಕಾಗದದ ಪಟ್ಟಿಯನ್ನು ತುಟಿಗಳೆದುರು ಎರಡು ಬೆರಳಿನ ದೂರದಲ್ಲಿ ಇಳಿಬಿಟ್ಟು, ಕನ್ನಡದ ‘ಪದ’ ಎಂಬ ಮಾತನ್ನು ಹೇಳಲಿ. ಕಾಗದವು ಹೆಚ್ಚು ಅಲುಗದು. ಈಗ ‘ಪ’ಕಾರವನ್ನು ಮಹಾಪ್ರಾಣದಂತೆ ಉಸಿರೊತ್ತಿ ‘ಪಾರ್ಡನ್’ ಎನ್ನಲಿ. ಕಾಗದವು ಹೊಯ್ದಾಡುವುದು. ಇಂಗ್ಲಿಷಿನವರು ಒತ್ತಿ ನುಡಿಯುವ ಪದದ ಮೊದಲಲ್ಲಿ ಪ, ಟ, ಕಗಳು ಬಂದರೆ ತುಟಿ ತೆರೆದ ಮೇಲೂ ಸೆಕೆಂಡಿನ ಸುಮಾರು ಇಪ್ಪತ್ತನೆಯ ಒಂದು ಪಾಲಿನಷ್ಟು ಹೊತ್ತು ಬರಿಯ ಉಸಿರು ಹೊರಡುತ್ತದೆ. ಅನಂತರ ಧ್ವನಿತಂತುಗಳು ಕಂಪಿಸತೊಡಗುತ್ತವೆ. ನಮ್ಮ ಅಲ್ಪಪ್ರಾಣ ‘ಪ’ದಲ್ಲಿ ಈ ವಿರಾಮ ಬಹಳ ಕಿರಿದು. ಅದರಿಂದ ನಮ್ಮ ‘ಪ್ಯಾಕ್’ ಎಂಬುದು ಅವರ ಕಿವಿಗೆ ‘ಬ್ಯಾಕ್’ ಎಂದು ಕೇಳಿಸುವ ಸಂಭವವುಂಟು.

ಕನ್ನಡ ಪದಗಳು ಸ್ವರದಲ್ಲಿ ಕೊನೆಗೊಳ್ಳುವುದನ್ನು ಮೆಚ್ಚುತ್ತವೆ. ಆದುದರಿಂದಲೇ ಬಸ್ಸು, ಕಾರು, ಬೆಂಚು. ಕನ್ನಡದೊಳಗೆ ಇದು ತಪ್ಪಲ್ಲ, ತದ್ಭವದ ನ್ಯಾಯವೇ ಹಾಗೆ. ಆದರೆ ಇಂಗ್ಲಿಷ್ ಆಡುವಾಗ ಬಾಲದ ಆ ಉಕಾರವನ್ನು ಬಿಡಬೇಕು. ಹಾಗೆಯೇ ನಮಗೆ ‘ವ’ ಒಂದೇ, ಅವರಿಗೆ ಎರಡು. ಮೇಲಿನ ಹಲ್ಲು ಕೆಳದುಟಿಗೆ ತಾಗಿದರೆ ‘ವೆರಿ’ಯ ವಕಾರ, ಹಲ್ಲು ತಾಗದೆ ತುಟಿಗಳು ದುಂಡಗಾದರೆ ‘ವೆಲ್’ ಎಂಬುದರ ವಕಾರ. ಕನ್ನಡಿಯೆದುರು ಹತ್ತು ದಿನ ಅಭ್ಯಾಸ ಮಾಡಿದರೆ ಎರಡೂ ಬೇರೆಯಾಗುತ್ತವೆ.

ಸೆಕೆಂಡಿನ ಐದನೆಯ ಒಂದು ಪಾಲು

ಮಾತಿನ ಸರದಿ ಒಬ್ಬರಿಂದೊಬ್ಬರಿಗೆ ದಾಟುವ ವೇಗವನ್ನೂ ಅಳೆದಿದ್ದಾರೆ. 2009ರಲ್ಲಿ ಹತ್ತು ಭಾಷೆಗಳನ್ನು ಹೋಲಿಸಿದ ಅಧ್ಯಯನವೊಂದು, ಹೌದು-ಅಲ್ಲ ಎನ್ನಬಹುದಾದ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಬಿಡುವು ಸರಾಸರಿ ಸೆಕೆಂಡಿನ ಐದನೆಯ ಒಂದು ಪಾಲು ಮಾತ್ರವೆಂದು ಕಂಡುಕೊಂಡಿತು. ಆದರೆ ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ತಾಯ್ನುಡಿಯಲ್ಲಿ ಉಚ್ಚರಿಸುವುದಕ್ಕೇ ಮನುಷ್ಯನಿಗೆ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ಬೇಕು. ಅಂದರೆ, ಎದುರಿನವರ ಮಾತು ಮುಗಿಯುವ ಮೊದಲೇ ಕೇಳುಗನು ಉತ್ತರವನ್ನು ಹವಣಿಸತೊಡಗಿರುತ್ತಾನೆ. ಪರಭಾಷೆಯಲ್ಲಿ ಹವಣಿಸುವವನಿಗೆ ಇನ್ನಷ್ಟು ಹೊತ್ತು ಬೇಕಾಗುವುದು ಸಹಜ. ಆ ಹೊತ್ತು ಮೌನವಾಗಿ ಕಳೆದರೆ, ಎದುರಿನವರಿಗೆ ಅದು ಅಜ್ಞಾನವಾಗಿಯೋ ಅಸಮ್ಮತಿಯಾಗಿಯೋ ತೋರುತ್ತದೆ.

ಇಲ್ಲಿಯೇ ‘ವೆಲ್...’, ‘ಲೆಟ್ ಮಿ ಸೀ...’, ‘ದಟ್ ಈಸ್ ಎ ಗುಡ್ ಕ್ವೆಶ್ಚನ್’ ಎಂಬ ಮಾತುಗಳ ಉಪಯೋಗ. ಇವುಗಳಲ್ಲಿ ಸುದ್ದಿಯೇನೂ ಇಲ್ಲ. ಆದರೆ ಸರದಿಯನ್ನು ನಾವು ಹಿಡಿದಿದ್ದೇವೆ, ಉತ್ತರ ಬರುತ್ತಿದೆ ಎಂಬ ಸೂಚನೆಯುಂಟು. ನಮ್ಮ ಹಿರಿಯರು ಎಲೆಯಡಿಕೆಯನ್ನು ಮೆಲ್ಲುತ್ತ ‘ಅದೇನೆಂದರೆ...’ ಎಂದು ಗಳಿಸಿಕೊಳ್ಳುತ್ತಿದ್ದ ಅವಕಾಶವೇ ಇದು.

ತಂತಿಯಾಚೆಯ ಮಾತು

‘ಹಲೋ’ ಎಂಬುದು ಇಂದು ಎಲ್ಲ ಭಾಷೆಗಳಿಗೂ ಸೇರಿಬಿಟ್ಟ ಮಾತು. ಅದಕ್ಕೆ ಈ ಪದವಿಯನ್ನು ದೊರಕಿಸಿದುದು ದೂರವಾಣಿ. ಗ್ರಹಾಂ ಬೆಲ್ಲನಿಗೆ ಹಡಗಿನವರು ಕೂಗುವ ‘ಅಹೊಯ್’ ಎಂಬ ಮಾತು ಮೆಚ್ಚಾಗಿತ್ತು. ಎಡಿಸನ್ನನು 1877ರ ಆಗಸ್ಟ್ 15ರಂದು ಪಿಟ್ಸ್‌ಬರ್ಗಿನ ತಂತಿ ಕಂಪನಿಯ ಅಧ್ಯಕ್ಷನಿಗೆ ಬರೆದ ಪತ್ರದಲ್ಲಿ, ಕರೆಗಂಟೆಯ ಅಗತ್ಯವಿಲ್ಲ, ‘ಹಲೋ’ ಎಂದರೆ ಹತ್ತಿಪ್ಪತ್ತು ಅಡಿ ದೂರಕ್ಕೂ ಕೇಳಿಸುವುದು ಎಂದು ಸೂಚಿಸಿದನು. ಗಂಟೆಯೇನೋ ಬಂದೇ ಬಂದಿತು. ಆದರೂ ‘ಹಲೋ’ ಉಳಿಯಿತು.

ದೂರವಾಣಿಯಲ್ಲಿ ‘ಹೂ ಆರ್ ಯು?’ ಎಂದು ಕೇಳಿದರೆ ಗದರಿಸಿದಂತಾಗುತ್ತದೆ; ‘ಮೇ ಐ ನೋ ಹೂ ಈಸ್ ಕಾಲಿಂಗ್?’ ಎನ್ನಬೇಕು. ನಾವೇ ಕರೆದಿದ್ದರೆ ಹೆಸರನ್ನು ಮೊದಲು ಹೇಳಬೇಕು. ‘ಮೈಸೆಲ್ಫ್ ಇಂಥವನು’ ಎಂಬುದು ಭಾರತದಲ್ಲಿ ಬಹಳವಾಗಿ ಕೇಳಿಬಂದರೂ ಹೊರಗಿನವರಿಗೆ ವಿಚಿತ್ರವಾಗಿ ತೋರುವುದರಿಂದ, ‘ದಿಸ್ ಈಸ್ ಇಂಥವನು’ ಎಂದು ಹೇಳುವುದು ಒಳ್ಳೆಯದು.

ಹೆಸರನ್ನು ತಿಳಿಸುವಾಗ ಭೌತವಿಜ್ಞಾನವು ಅಡ್ಡ ಬರುತ್ತದೆ. ಹಳೆಯ ದೂರವಾಣಿ ಜಾಲವು ಸೆಕೆಂಡಿಗೆ 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು. ‘ಸ’ಕಾರದ ಸೀತ್ಕಾರದ ಶಕ್ತಿಯು ಹೆಚ್ಚಾಗಿ 4,000ಕ್ಕೂ ಮೇಲಿನ ಕಂಪನಗಳಲ್ಲಿರುವುದರಿಂದ ಅದು ದಾರಿಯಲ್ಲಿಯೇ ಕತ್ತರಿಸಿಹೋಗಿ, ‘ಎಸ್’ ಎಂಬುದೂ ‘ಎಫ್’ ಎಂಬುದೂ ಒಂದೇ ಆಗಿ ಕೇಳಿಸುತ್ತಿದ್ದುವು. ಹೊಸ ಮೊಬೈಲುಗಳು ಹೆಚ್ಚು ವಿಸ್ತಾರವಾದ ಕಂಪನಗಳನ್ನು ಸಾಗಿಸಬಲ್ಲವಾದರೂ, ಗುಡ್ಡಗಳ ಮರೆಯಲ್ಲಿ, ಆಷಾಢದ ಮಳೆ ಹೆಂಚಿನ ಮೇಲೆ ಹೊಡೆಯುವಾಗ, ಕೊಡಗಿನಲ್ಲಿ ಈ ತೊಡಕು ತೀರಿಲ್ಲ. ಮನೆತನದ ಹೆಸರನ್ನೂ ತಂದೆಯ ಹೆಸರನ್ನೂ ಮೊದಲಕ್ಷರಗಳಾಗಿ ಬರೆಯುವ ನಮ್ಮವರು ‘ಬಿ ಫಾರ್ ಬಾಂಬೆ’ ಎಂದು ಬಿಡಿಸಿ ಹೇಳುವುದು ಇದಕ್ಕಾಗಿಯೇ. ವಿಮಾನ ಚಾಲಕರಿಗಾಗಿ 1956ರ ಮಾರ್ಚ್ 1ರಿಂದ ಜಾರಿಗೆ ಬಂದ ‘ಆಲ್ಫಾ, ಬ್ರಾವೋ, ಚಾರ್ಲಿ’ ಎಂಬ ಅಕ್ಷರಮಾಲೆಯ ಮಾತುಗಳನ್ನು ಹಲವು ದೇಶಗಳವರ ಬಾಯಲ್ಲಿ ಪರೀಕ್ಷಿಸಿ ಆಯ್ದುಕೊಂಡರು.

ಹೋಗಿಬರುವ ಮಾತು

ಬೀಳ್ಕೊಳ್ಳುವಾಗ ‘ಹೋಗುತ್ತೇನೆ’ ಎನ್ನುವುದು ನಮಗೆ ಅಶುಭ. ‘ಬರುತ್ತೇನೆ’ ಎಂದು ಹೇಳಿಯೇ ಹೋಗುತ್ತೇವೆ. ಇದನ್ನು ‘ಐ ವಿಲ್ ಕಮ್’ ಎಂದು ತಿರುಗಿಸಿ ಮೆಟ್ಟಿಲಿಳಿದರೆ, ಪಾಪ, ವಿದೇಶದ ಅತಿಥಿಯು ಇವರು ಈಗ ಬಂದಾರೆಂದು ಊಟಕ್ಕೆ ಕಾಯುತ್ತ ಕುಳಿತಾನು! ‘ಗುಡ್‌ಬೈ’ ಎಂಬುದಾದರೂ ಮೂಲದಲ್ಲಿ ಹಾರೈಕೆಯೇ. ‘ದೇವರು ನಿಮ್ಮೊಡನಿರಲಿ’ ಎಂಬ ಇಂಗ್ಲಿಷ್ ವಾಕ್ಯವು ನಾಲಗೆಯ ಮೇಲೆ ಸವೆದು ಸವೆದು ಹದಿನಾರನೆಯ ಶತಮಾನದ ಕೊನೆಗೆ ಈ ರೂಪಕ್ಕೆ ಇಳಿಯಿತು. ‘ಸೀ ಯು’ ಎಂಬುದು ನಮ್ಮ ‘ಬರುತ್ತೇನೆ’ಗೆ ಹತ್ತಿರದ ಭಾವವುಳ್ಳದ್ದು, ಆದರೆ ಸಮವಯಸ್ಕರಲ್ಲಿ ಮಾತ್ರ ಒಪ್ಪುವುದು.

ತರಗತಿಗೆ ಬೇಕಾದ ಆರು ವಾಕ್ಯಗಳು

ಮೊದಲು ಹೇಳಿದ ವಿದ್ಯಾರ್ಥಿಯಂಥವರಿಗೆ ಈ ಆರು ವಾಕ್ಯಗಳು ಸದ್ಯಕ್ಕೆ ಸಾಕು:

1. ನಡುವೆ ಕೇಳಬೇಕಾದಾಗ: ‘ಎಕ್ಸ್‌ಕ್ಯೂಸ್ ಮಿ ಸರ್, ಮೇ ಐ ಆಸ್ಕ್ ಎ ಕ್ವೆಶ್ಚನ್?’
2. ಕೇಳಿಸದಿದ್ದಾಗ, ದನಿಯೇರಿಸಿ: ‘ಸಾರಿ? ಕುಡ್ ಯು ಸೇ ದಟ್ ಅಗೇನ್, ಪ್ಲೀಸ್?’
3. ಕೇಳಿಸಿಯೂ ಅರ್ಥವಾಗದಿದ್ದಾಗ: ‘ಐ ಡಿಡ್ ನಾಟ್ ಫಾಲೋ ದ ಲಾಸ್ಟ್ ಸ್ಟೆಪ್.’
4. ತಿಳಿದುದು ಸರಿಯೇ ಎಂದು ನೋಡಬೇಕಾದಾಗ: ‘ಡು ಯು ಮೀನ್ ದಟ್...?’
5. ಯೋಚಿಸಲು ಅವಕಾಶ ಬೇಕಾದಾಗ: ‘ಲೆಟ್ ಮಿ ಥಿಂಕ್ ಫಾರ್ ಎ ಮೊಮೆಂಟ್.’
6. ಉತ್ತರ ತಿಳಿಯದಿದ್ದಾಗ: ‘ಐ ಆಮ್ ಅಫ್ರೇಡ್ ಐ ಡೋಂಟ್ ನೋ.’ ಇಲ್ಲಿ ಅಂಜಿಕೆಯ ಮಾತೇನೂ ಇಲ್ಲ. ‘ಅಫ್ರೇಡ್’ ಎಂಬುದು ‘ಕ್ಷಮಿಸಿ’ ಎಂಬ ಸೌಜನ್ಯ ಮಾತ್ರ.

ಇವುಗಳಲ್ಲಿ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವು ಮುಖ್ಯವಾದುದು. ‘ಮತ್ತೆ ಹೇಳಿ’ ಎಂದರೆ ಅಧ್ಯಾಪಕರು ಅದೇ ವಾಕ್ಯವನ್ನು ಮತ್ತೆ ಹೇಳುತ್ತಾರೆ. ‘ಈ ಹೆಜ್ಜೆ ಅರ್ಥವಾಗಲಿಲ್ಲ’ ಎಂದರೆ ಬೇರೆ ರೀತಿಯಲ್ಲಿ ವಿವರಿಸುತ್ತಾರೆ. ವಾಕ್ಯಗಳನ್ನು ಓದಿ ಬಾಯಿಪಾಠ ಮಾಡಿದರೆ ಸಾಲದು. ಗೆಳೆಯನೊಬ್ಬನನ್ನು ಎದುರು ಕೂರಿಸಿಕೊಂಡು, ದನಿಯೆತ್ತಿ, ದಿನಕ್ಕೆ ಹತ್ತು ನಿಮಿಷ ಆಡಬೇಕು. ಈಜು ದಡದ ಮೇಲೆ ಬರುವ ವಿದ್ಯೆಯಲ್ಲ. ಹಾಗೆಯೇ ಅಧ್ಯಾಪಕರಾದ ನಮ್ಮ ಹೊಣೆಯೂ ಒಂದುಂಟು. ಪ್ರಶ್ನೆಯು ಕನ್ನಡದಲ್ಲಿ ಬಂದರೂ ಅದಕ್ಕೆ ಉತ್ತರ ಸಲ್ಲಬೇಕು. ವಿಜ್ಞಾನದಲ್ಲಿ ತೂಕವಿರುವುದು ಪ್ರಶ್ನೆಗೆ. ಅದು ತೊಟ್ಟ ಉಡುಗೆಗಲ್ಲ.

ಕೊನೆಗೊಂದು ಮಾತು. ಕೊಡಗಿನ ಮಗುವಿಗೆ ಭಾಷೆಯ ಹೊಸತನವೇನೂ ಇಲ್ಲ. ಕೊಡವ ತಕ್ಕ್, ಅರೆಭಾಷೆ, ಕನ್ನಡ, ಮಲಯಾಳ, ತುಳು ಇವುಗಳಲ್ಲಿ ಎರಡು ಮೂರನ್ನು ಅದು ಶಾಲೆಗೆ ಹೋಗುವ ಮೊದಲೇ ಬಲ್ಲದು. ಅಂಗಳದಲ್ಲಿ ಒಂದು, ಸಂತೆಯಲ್ಲಿ ಒಂದು ಎಂದು ಬದಲಿಸಿಯೂ ಆಡಬಲ್ಲದು. ಕೊಡವ ತಕ್ಕಿನಲ್ಲಿ ಕನ್ನಡ ಅಕ್ಷರಮಾಲೆಗೆ ಸಿಕ್ಕದ ಸ್ವರಗಳೂ ಇವೆ. ಭಾಷಾವಿಜ್ಞಾನಿ ಎಮೆನೊ 1970ರಲ್ಲಿ ಅವುಗಳ ಮೇಲೆ ಪ್ರತ್ಯೇಕ ಲೇಖನವನ್ನೇ ಬರೆದನು. ಇಂತಹ ಕಿವಿಗೆ ಇಂಗ್ಲಿಷಿನ ಎರಡು ವಕಾರಗಳು ಎಷ್ಟರವು! ಆದರೆ 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿಯೆಂದು ಬರೆಯಿಸಿದವರು ಸುಮಾರು 1 ಲಕ್ಷ 14 ಸಾವಿರ ಮಂದಿ ಮಾತ್ರ. ಯುನೆಸ್ಕೋ ಸಂಸ್ಥೆಯು ಅದನ್ನು ಅಪಾಯದಲ್ಲಿರುವ ಭಾಷೆಗಳ ಪಟ್ಟಿಗೆ ಸೇರಿಸಿದೆ. ಇಂಗ್ಲಿಷಿನ ‘ಥ್ಯಾಂಕ್ ಯು’ ಕಲಿಯುವುದಕ್ಕಾಗಿ ಮನೆಯ ಮಾತನ್ನು ಬಿಡಿಸುವ ತಾಯಿತಂದೆಗಳು ಇದನ್ನು ಯೋಚಿಸಬೇಕು. ಹೊಸ ಬಾಗಿಲನ್ನು ತೆರೆಯುವುದಕ್ಕೆ ಹಳೆಯ ಬಾಗಿಲನ್ನು ಮುಚ್ಚಬೇಕಾಗಿಲ್ಲ. ಮನೆಯಲ್ಲಿ ನಾಲ್ಕು ನುಡಿಗಳನ್ನು ಹೊತ್ತ ಮಗುವಿಗೆ ಐದನೆಯದು ಭಾರವಾಗಲಾರದು. ಆ ಮಗುವಿಗೆ ಬೇಕಾದುದು ತಪ್ಪಾದರೆ ನಗದ ಒಂದು ಕಿವಿ, ಬಾಯಿ ತೆರೆಯುವ ಒಂದಿಷ್ಟು ಧೈರ್ಯ.